ಸೋರೆ ಹೂವಿನ ಪರಾಗ ಹಾಕಿ ಬೀಜ ಇಲ್ದಿರೋ ಕಲ್ಲಂಗಡಿ, ಯಾರಾದ್ರೂ ಮಾಡಿ ನೋಡಿದ್ದೀರಾ?

ಕಾಲುವೆಬದಿ, ಪಾಂಡವಪುರ (ಡಿಸೆಂಬರ್ 28)

ಎಲ್ರಿಗೂ ನಮಸ್ಕಾರ. ಭತ್ತ ಕುಯ್ದ ಮೇಲೆ ಮುಕ್ಕಾಲು ಎಕರೆಗೆ ಕಲ್ಲಂಗಡಿ ಹಾಕಿದೀನಿ, ಮಲ್ಚಿಂಗ್ ಶೀಟು ಡ್ರಿಪ್ಪು ಎಲ್ಲ ಐತೆ, ಟ್ರೇ ಸಸಿ ತಂದು ನೆಟ್ಟು ಮೂರು ವಾರ ಆಯ್ತು, ಬಳ್ಳಿ ಚೆನ್ನಾಗಿ ಓಡ್ತಾ ಐತೆ. ಮಾಮೂಲಿ ಕಪ್ಪು ಸಿಪ್ಪೆ ಹೈಬ್ರಿಡ್ಡು, ಬೀಜ ಇರೋದೆಯ.

ವಿಷ್ಯ ಏನಂದ್ರೆ ನಮ್ಮವ್ವನಿಗೆ ಕಲ್ಲಂಗಡಿ ಅಂದ್ರೆ ಪ್ರಾಣ. ಎರಡು ವರ್ಷದಿಂದ ಕಣ್ಣು ಪೂರ್ತಿ ಮಂಜಾಗಿ ಬೀಜ ಹೆಕ್ಕಕ್ಕೆ ಆಗಲ್ಲ, ಬಾಯಿಗೆ ಹಾಕಂಡು ಬೀಜ ಸಿಕ್ಕಿದ್ರೆ ಕೆಮ್ಮು ಬಂದು ಕಣ್ಣಲ್ಲಿ ನೀರು ಬರ್ತದೆ, ಈಗ ಬೇಡ ಬುಡು ಮಗ ಅಂತಾಳೆ. ನಾವು ಕುಯ್ದು ಬೀಜ ತೆಗ್ದು ಕೊಟ್ರೆ ಹಣ್ಣು ಪುಡಿ ಪುಡಿ ಆಗೋಯ್ತದೆ. ಹೋದ ವರ್ಷ ಸೀಡ್‌ಲೆಸ್ ಬೀಜ ಅಂತ 20 ತಂದು ಹಾಕ್ದೆ, ಒಂದೊಂದು ಬೀಜಕ್ಕೂ ದುಡ್ಡು ಕೊಟ್ಟಿದ್ದು, ಹುಟ್ಟಿದ್ದು 7, ಉಳ್ಕಂಡಿದ್ದು 3.

ಮೊನ್ನೆ ಗೊಬ್ಬರದಂಗಡೀಲಿ ಒಬ್ರು ಹೇಳಿದ್ರು, ಜಪಾನಲ್ಲಿ ಮಾಮೂಲಿ ಕಲ್ಲಂಗಡಿ ಹೂವಿಗೇ ಸೋರೆ ಹೂವಿನ ಪುಡಿ ಹಾಕಿ ಬೀಜ ಇಲ್ದಂಗೆ ಮಾಡ್ತಾರೆ ಅಂತ. ನಮ್ಮ ಹಿತ್ತಲ ಬೇಲಿ ಮೇಲೆ ಸೋರೆ ಬಳ್ಳಿ ತುಂಬ ಹೂವು ಐತೆ. ಇದು ನಿಜವಾ? ಗೊತ್ತಿರೋರು ಹೇಳಿ.

ಎಂಎಸ್ಸಿ ತೋಟಗಾರಿಕೆ, ಮೈಸೂರು (ಡಿಸೆಂಬರ್ 28)

ಅಣ್ಣ ನಿಜ. 2014ರಲ್ಲಿ ಜಪಾನಿನ ಸುಗಿಯಾಮಾ ಮತ್ತೆ ಅವ್ರ ಜೊತೆಯವ್ರು ಸೈನ್ಷಿಯಾ ಹಾರ್ಟಿಕಲ್ಚುರೇ ಅನ್ನೋ ಸಂಶೋಧನಾ ಪತ್ರಿಕೆಲಿ ಇದನ್ನೇ ಬರೆದಿದ್ದಾರೆ. ಅದಕ್ಕೂ ಮುಂಚೆ ಇದೇ ಸುಗಿಯಾಮಾ ಅವ್ರು ಕಲ್ಲಂಗಡಿ ಪರಾಗಕ್ಕೇ ಎಕ್ಸ್‌ರೇ ಹೊಡೆದು, ಆ ಪರಾಗ ಹಾಕಿ ಬೀಜ ಇಲ್ಲದ ಹಣ್ಣು ತೆಗೆದಿದ್ರು, ಆದ್ರೆ ಎಕ್ಸ್‌ರೇ ಮೆಷಿನ್ ಹೊಲದ ಹತ್ರ ಯಾರಿಗೆ ಸಿಗುತ್ತೆ ಹೇಳಿ, ಸೋರೆ ಹೂವಾದ್ರೆ ಎಲ್ಲರ ಬೇಲಿಲೂ ಇರುತ್ತೆ.

ಇದರ ಹಿಂದಿರೋ ವಿಚಾರ ಅರ್ಥ ಆದ್ರೆ ಮಾಡೋದು ಸುಲಭ, ಅದಕ್ಕೆ ಸ್ವಲ್ಪ ಬಿಡಿಸಿ ಬರೀತೀನಿ. ಕಲ್ಲಂಗಡಿ ಹೆಣ್ಣು ಹೂವಿನ ಕೆಳಗೆ ಗೋಲಿ ಥರ ಹೀಚು ಮೊದಲೇ ಇರುತ್ತೆ ಅಲ್ವಾ, ಅದಕ್ಕೆ ಪರಾಗ ಬೀಳಲಿಲ್ಲ ಅಂದ್ರೆ ನಾಲ್ಕೈದು ದಿನದಲ್ಲಿ ಹಳದಿ ಆಗಿ ಉದುರುತ್ತೆ. ಪರಾಗ ಬಿತ್ತು ಅಂದ್ರೆ ಅದು ಮೊಳಕೆ ಒಡೆದು ಒಂದು ಸಣ್ಣ ನಾಳ ಬಿಟ್ಟುಕೊಂಡು ಒಳಗೆ ಇಳಿಯುತ್ತೆ, ಆವಾಗ ಹೀಚಲ್ಲಿ ಹಾರ್ಮೋನ್ ಏರಿ ಅದು ದಪ್ಪ ಆಗೋಕೆ ಶುರು ಮಾಡುತ್ತೆ. ಬೀಜ ಕಟ್ಟೋದು ಇನ್ನೊಂದು ಕೆಲಸ, ನಾಳ ಅಂಡಕ್ಕೆ ಮುಟ್ಟಿ ಗರ್ಭ ಕಟ್ಟಿದ್ರೆ ಮಾತ್ರ. ಸೋರೆ ಪರಾಗ ಮೊದಲನೇ ಕೆಲಸ ಮಾಡುತ್ತೆ, ಎರಡನೇದು ಅದರ ಕೈಲಿ ಆಗಲ್ಲ. ಹೀಚನ್ನ ಎಬ್ಬಿಸುತ್ತೆ, ಅಪ್ಪ ಆಗಲ್ಲ ಅಷ್ಟೇ.

ಕಲ್ಲಂಗಡಿಗೂ 22 ಕ್ರೋಮೋಸೋಮ್ (ಜೀವಕೋಶದೊಳಗೆ ಗುಣಗಳನ್ನ ಹೊತ್ತಿರೋ ಎಳೆಗಳು), ಸೋರೆಗೂ 22, ಲೆಕ್ಕ ಒಂದೇ ಆದ್ರೂ ಕುಲ ಬೇರೆ ಆಗಿರೋದ್ರಿಂದ ಕೂಡಲ್ಲ. ನೆಂಟಸ್ತನ ಹತ್ತಿರದ್ದು ಅನ್ನೋದಕ್ಕೆ ಇನ್ನೊಂದು ಸಾಕ್ಷಿ, ಸೊರಗು ರೋಗ ತಡೆಯೋಕೆ ಕಲ್ಲಂಗಡಿ ಸಸಿನ ಸೋರೆ ಬೇರಿನ ಮೇಲೆ ಕಸಿ ಕಟ್ಟೋದು ಜಪಾನಲ್ಲಿ 1920ರ ದಶಕದಿಂದಲೇ ನಡ್ಕೊಂಡು ಬಂದಿದೆ.

ಮಳವಳ್ಳಿ ಮಣ್ಣು (ಡಿಸೆಂಬರ್ 29)

ಬೀಜ ಇಲ್ದಿರೋ ಹಣ್ಣು ಅಂದ್ರೇನೇ ನಂಗೆ ಭಯ ಆಯ್ತದೆ ಕಣ್ರಪ್ಪ. ಬೀಜ ಕಟ್ದೆ ಇರೋ ಬಳ್ಳಿ ಅಂದ್ರೆ ಔಷಧಿ ಹೊಡ್ದಿರ್ಬೇಕು, ಇಲ್ಲ ಇಂಜೆಕ್ಷನ್ನು, ಇಲ್ಲ ಬಿಟಿ ಹತ್ತಿ ಥರ ಜೀನು ತಿದ್ದಿರ್ಬೇಕು. ಮಕ್ಳಿಗೆ ಕೊಡೋ ಹಣ್ಣು, ಯೋಚ್ನೆ ಮಾಡಿ.

ಎಂಎಸ್ಸಿ ತೋಟಗಾರಿಕೆ (ಡಿಸೆಂಬರ್ 29)

ಅಣ್ಣ ನಿಮ್ಮ ಭಯ ಅರ್ಥ ಆಗುತ್ತೆ, ಆದ್ರೆ ಒಂದು ಕೇಳ್ತೀನಿ. ನಂಜನಗೂಡು ರಸಬಾಳೆ ತಿಂದಿದ್ದೀರಲ್ವಾ, ಅದರಲ್ಲಿ ಬೀಜ ಎಲ್ಲಿದೆ? ನಮ್ಮ ಮೈಸೂರಿನ ಹೆಮ್ಮೆಯ ಹಣ್ಣೇ ಮೂರು ಸೆಟ್ ಕ್ರೋಮೋಸೋಮ್ ಇರೋ ಗಿಡದ್ದು, ಅದಕ್ಕೇ ಬೀಜ ಕಟ್ಟಲ್ಲ. ಮಾಮೂಲಿ ಗಿಡದಲ್ಲಿ ಎರಡು ಸೆಟ್ ಇರುತ್ತೆ, ಜೋಡಿ ಜೋಡಿಯಾಗಿ ಬೇರೆ ಆಗುತ್ತೆ, ಮೂರಾದ್ರೆ ಜೋಡಿ ಸರಿಯಾಗಿ ಕೂರಲ್ಲ, ಗಟ್ಟಿ ಪರಾಗಾನೂ ಇಲ್ಲ ಅಂಡಾನೂ ಇಲ್ಲ. ಬಾಳೆಲೂ ಒಂದು ಸೆಟ್ಟಿಗೆ 11, ಕಲ್ಲಂಗಡಿಲೂ 11. ರಸಬಾಳೆ 33, ಅಂಗಡಿ ಸೀಡ್‌ಲೆಸ್ ಕಲ್ಲಂಗಡಿನೂ 33. ನಾನು ಕ್ಲಾಸಲ್ಲಿ ಇದನ್ನ ಮೊದಲು ಕೇಳಿದ ದಿನ ರೂಮಿಗೆ ಬಂದು ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ, ಅಷ್ಟು ಖುಷಿ ಆಗಿತ್ತು.

ಆ 33ನ್ನ ಕಲ್ಲಂಗಡಿಲಿ ಮಾಡಿದ್ದು ಜಪಾನಿನ ಕಿಹಾರಾ ಅವ್ರು, 1939ರಲ್ಲಿ ಶುರು ಮಾಡಿ 1951ರಲ್ಲಿ ಪ್ರಕಟ ಮಾಡಿದ್ರು. ಸಸಿಯ ಕುಡಿಗೆ ಕಾಲ್ಚಿಸಿನ್ ಹಾಕಿದ್ರೆ 22 ಇರೋದು 44 ಆಗುತ್ತೆ, ಆ 44ರ ಹೆಣ್ಣಿಗೆ 22ರ ಗಂಡು ಕ್ರಾಸ್ ಮಾಡಿದ್ರೆ 33ರ ಬೀಜ. ಕಾಲ್ಚಿಸಿನ್ ಅಂದ್ರೆ ಬೇಲಿ ಮೇಲೆ ಕೆಂಪು ಹಳದಿ ಬೆಂಕಿ ಥರ ಅರಳೋ ಅಗ್ನಿಶಿಖೆ ಗೆಡ್ಡೆ ಬೀಜದಲ್ಲಿ ಇರೋ ವಸ್ತು, ಅದು ವಿಷ ಹೌದು, ಆದ್ರೆ ಯಾವಾಗಲೋ ಒಂದು ಸಲ ತಾಯಿ ತಳಿ ಮಾಡುವಾಗ ಬಳಸಿದ್ದು, ಅದರ ಬೀಜದ ಬೀಜದಿಂದ ಬಂದ ಹಣ್ಣಲ್ಲಿ ಅದು ಇರಲ್ಲ. ಜೀನು ತಿದ್ದಿದ್ದೂ ಅಲ್ಲ. ನಮ್ಮಲ್ಲೇ ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರ ಪೂಸಾ ಬೇದಾನಾ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಮಧುರ, ಕೇರಳ ಕೃಷಿ ವಿವಿಯ ಶೋಣಿಮ ಮತ್ತೆ ಹಳದಿ ತಿರುಳಿನ ಸ್ವರ್ಣ ಎಲ್ಲ ಇದೇ ದಾರಿಲಿ ಬಂದಿದ್ದು.

ಬಾಳೆಗೂ ಕಲ್ಲಂಗಡಿಗೂ ಎರಡು ವ್ಯತ್ಯಾಸ. ಬಾಳೆಗೆ ಪರಾಗಾನೇ ಬೇಡ, ಕಾಯಿ ತಾನಾಗಿ ದಪ್ಪ ಆಗುತ್ತೆ, ಕಲ್ಲಂಗಡಿಗೆ ಪರಾಗದ ತಟ್ಟು ಬೇಕೇ ಬೇಕು, ಅದಕ್ಕೇ ಸೀಡ್‌ಲೆಸ್ ಹೊಲದಲ್ಲಿ ಮೂರು ಗಿಡಕ್ಕೆ ಒಂದರ ಲೆಕ್ಕದಲ್ಲಿ ಮಾಮೂಲಿ ಗಿಡ ನೆಡೋದು. ಮತ್ತೆ ಬಾಳೆನ ಕಂದು ಕಿತ್ತು ನೆಡಬಹುದು, ಕಲ್ಲಂಗಡಿಗೆ ಪ್ರತಿ ವರ್ಷ ಆ ಕ್ರಾಸಿಂಗ್ ಮಾಡಿದ ಬೀಜಾನೇ ತರಬೇಕು. 44ರ ತಾಯಿ ಬೀಜ ಕೊಡೋದೇ ಕಮ್ಮಿ, ರೇಟು ಜಾಸ್ತಿ ಆಗೋದು ಅಲ್ಲೇ. ಬೀಜದ ಸಿಪ್ಪೆ ದಪ್ಪ, ಒಳಗಿನ ಮೊಳಕೆಗೆ ಶಕ್ತಿ ಕಮ್ಮಿ, 28ರಿಂದ 32 ಡಿಗ್ರಿ ಬಿಸಿ ಬೇಕು, ನೀರು ಒಂಚೂರು ಜಾಸ್ತಿ ಆದ್ರೂ ಒಳಗೇ ಕೊಳೆಯುತ್ತೆ. ಕಾಲುವೆಬದಿ ಅಣ್ಣಂದು 20ಕ್ಕೆ 7 ಹುಟ್ಟಿದ್ದು ಡಿಸೆಂಬರ್ ಚಳಿಗೆ ಇರಬೇಕು.

ಮಳವಳ್ಳಿ ಮಣ್ಣು (ಡಿಸೆಂಬರ್ 29)

ರಸಬಾಳೆ ವಿಚಾರ ಗೊತ್ತಿರ್ಲಿಲ್ಲ ಕಣಪ್ಪ. ಸರಿ ಒಪ್ಪಿದೆ. ಆದ್ರೆ ಸೋರೆ ಕಹಿ ಇದ್ರೆ? ಕಹಿ ಸೋರೆ ರಸ ಕುಡ್ದು ಆಸ್ಪತ್ರೆ ಸೇರಿರೋರ್ನ ನಾನೇ ನೋಡಿವ್ನಿ. ಆ ಕಹಿ ಕಲ್ಲಂಗಡಿಗೆ ಬಂದ್ರೆ?

ಎಂಎಸ್ಸಿ ತೋಟಗಾರಿಕೆ (ಡಿಸೆಂಬರ್ 29)

ಒಳ್ಳೆ ಪ್ರಶ್ನೆ ಅಣ್ಣ. ನಾವು ತಿನ್ನೋ ತಿರುಳು ಪೂರ್ತಿ ತಾಯಿ ಬಳ್ಳಿದು, ಗಂಡಿನ ಗುಣ ಹೋಗೋದು ಬೀಜದೊಳಗೆ ಮಾತ್ರ, ಇಲ್ಲಿ ಬೀಜಾನೇ ಕಟ್ಟಲ್ವಲ್ಲ. ಹಂಗಾಗಿ ಕಹಿ ದಾಟಲ್ಲ. ಆದ್ರೆ ಕಹಿ ಸೋರೆಕಾಯಿ ಮಾತ್ರ ಯಾವತ್ತೂ ತಿನ್ನಬೇಡಿ, ಕುಯ್ದಾಗ ತುದಿ ನಾಲಿಗೆಗೆ ಮುಟ್ಟಿಸಿ ನೋಡಿ ಉಗಿದು ಆಮೇಲೆ ಅಡಿಗೆ ಮಾಡಿ.

ತವರು ರಾಣೆಬೆನ್ನೂರು, ನಂಜನಗೂಡು (ಡಿಸೆಂಬರ್ 30)

ನಾನು ಮದುವೆಗೆ ಮುಂಚೆ ಆರು ವರ್ಷ ಬೀಜದ ಪ್ಲಾಟಿನಾಗ ಕ್ರಾಸಿಂಗ್ (ಒಂದರ ಪರಾಗ ಕೈಲೆ ಇನ್ನೊಂದರ ಹೂವಿಗೆ ಹಾಕೋ ಕೆಲಸ) ಮಾಡೀನ್ರಿ, ಹೀರೇಕಾಯಿ, ಕಲ್ಲಂಗಡಿ, ಬೆಂಡಿ ಎಲ್ಲಾ. ಕಾಲುವೆಬದಿ ಅಣ್ಣಾರು ಮಾಡೋದಾದ್ರ ಇಷ್ಟು ನೆನಪಿಟ್ಕೋರಿ.

ಸೋರೆ ಹೂ ಬಿಳಿದು, ಸಂಜಿ ಮುಂದ ಅರಳತೈತಿ, ರಾತ್ರಿ ಪತಂಗ ಬರ್ತಾವು. ಕಲ್ಲಂಗಡಿ ಹೂ ಹಳದಿದು, ಬೆಳಗಿನ ಬಿಸಿಲಿಗೆ ಅರಳಿ ಮಧ್ಯಾಹ್ನಕ್ಕ ಮುಚ್ಚಿದ್ರ ಮುಗೀತು, ಒಂದೇ ದಿನದ ಬಾಳ್ವೆ. ಎರಡರ ಟೈಮ್ ಕೂಡಂಗಿಲ್ಲ. ಅದಕ್ಕ ಸಂಜಿ ಸೋರೆ ಗಂಡು ಹೂ ಹರಕೊಂಡು, ಸ್ಟೀಲ್ ಡಬ್ಬಿ ಒಳಗ ಒಣ ಬಟ್ಟಿ ಹಾಸಿ ಇಟ್ಟು ತಂಪಿನ್ಯಾಗ ಇಡ್ರಿ, ಫ್ರಿಜ್ ಇದ್ರ ಕೆಳಗಿನ ಖಾನೆ. ನೀರಿನ ಹನಿ ತಾಗಬಾರದು, ಪರಾಗ ಒಡದು ಕೆಡತೈತಿ.

ಅದೇ ಸಂಜಿ ಕಲ್ಲಂಗಡಿ ಹೊಲದಾಗ ನಾಳೆ ಅರಳೋ ಹೆಣ್ಣು ಮೊಗ್ಗು ಹುಡುಕ್ರಿ, ಎಸಳು ಹಸಿರು ಬಿಟ್ಟು ಹಳದಿಗೆ ತಿರುಗಿರತೈತಿ, ಕೆಳಗ ಹೀಚು ಇರತೈತಿ. ಅದಕ್ಕ ಪೇಪರ್ ಕವರ್ ಹಾಕಿ ಪಿನ್ನು ಹೊಡೀರಿ. ಇದು ಬಿಟ್ರ ಎಲ್ಲಾ ಕೆಲಸ ವ್ಯರ್ಥ, ಯಾಕಂದ್ರ ಒಂದು ಜೇನು ಬಂದು ಕಲ್ಲಂಗಡಿ ಪರಾಗ ಹಾಕಿ ಹೋದ್ರ ಬೀಜ ಕಟ್ಟೇ ಕಟ್ಟತೈತಿ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗ ಕವರ್ ತೆಗೆದು, ಸೋರೆ ಹೂವಿನ ಎಸಳು ಹಿಂದಕ್ಕ ಮಡಚಿ ಹೆಣ್ಣು ಹೂವಿನ ನಡುವ ಇರೋ ಮೂರೂ ಹೋಳಿಗೆ ಮೆಲ್ಲಕ ಸವರ್ರಿ. ಮೂರೂ ಹೋಳಿಗೆ ಅಂದೆ, ಒಂದಕ್ಕ ಕಮ್ಮಿ ಬಿದ್ರ ಕಾಯಿ ಸೊಟ್ಟ ಬೆಳೀತೈತಿ. ಮತ್ತ ಕವರ್ ಹಾಕಿ ಎರಡು ದಿನ ಬಿಡ್ರಿ, ಬಣ್ಣದ ದಾರ ಕಟ್ರಿ.

ಇನ್ನೊಂದು. ಕೆಲವು ತಳಿಯೊಳಗ ಹೆಣ್ಣು ಹೂವಿನಾಗೇ ಗಂಡು ಕೇಸರಾನೂ ಇರತಾವು. ಹಂಗಿದ್ರ ಹಿಂದಿನ ಸಂಜಿನೇ ಮೊಗ್ಗು ಬಿಡಿಸಿ ಕೇಸರ ಚಿಮಟಿಗಿಲೆ ಕಿತ್ತು ಹಾಕಬೇಕು. ನಿಮ್ಮದ್ಯಾವುದು ಒಂದು ಹೂ ಬಿಡಿಸಿ ನೋಡ್ರಿ.

ಕಾಲುವೆಬದಿ (ಡಿಸೆಂಬರ್ 30)

ಅಕ್ಕ, ನಿಮ್ಗೆ ಕೈ ಮುಗೀತೀನಿ, ಇಷ್ಟು ಬಿಡ್ಸಿ ಯಾರೂ ಹೇಳಿರ್ಲಿಲ್ಲ. ಹೂವು ನೋಡ್ದೆ, ಕೇಸರ ಇಲ್ಲ, ಬರೀ ಹೆಣ್ಣೆ. ಈಗ ಬಿಡ್ತಿರೋದೆಲ್ಲ ಗಂಡೇ ಜಾಸ್ತಿ, ಹೆಣ್ಣು ಇನ್ನೊಂದು ವಾರ ಹತ್ತು ದಿನ ಆಗ್ಬೋದು.

ಜೇನುಪೆಟ್ಟಿಗೆ, ಹುಣಸೂರು ರೋಡ್ (ಜನವರಿ 2)

ಪ್ರಯೋಗ ಮಾಡಿ ಸಂತೋಷ, ಆದ್ರೆ ಕವರ್ ಹಾಕೋದು ನಿಮ್ಮ ಪ್ರಯೋಗದ ಸಾಲಿಗೆ ಮಾತ್ರ ಇರ್ಲಿ. ಮಿಕ್ಕ ಹೊಲಕ್ಕೆ ಜೇನು ಬರಲೇಬೇಕು, ಒಂದು ಹೂವಿಗೆ ಎಂಟ್ಹತ್ತು ಸಲ ಜೇನು ಬಂದು ಕೂತ್ರೇನೇ ಕಾಯಿ ದುಂಡಗೆ ಬರೋದು. ದಯವಿಟ್ಟು ಜೇನು ಬರೋ ಬೆಳಿಗ್ಗೆ ಹೊತ್ತಲ್ಲಿ ಔಷಧಿ ಹೊಡೀಬೇಡಿ, ಸ್ಪ್ರೇ ಏನಿದ್ರೂ ಹೂವು ಮುಚ್ಚಿದ ಮೇಲೆ ಸಂಜೆ. ಹೋದ ಬೇಸಿಗೆ ಒಬ್ಬರ ತೋಟದಲ್ಲಿ ನನ್ನ ನಾಲ್ಕು ಪೆಟ್ಟಿಗೆ ಒಂದೇ ಬೆಳಿಗ್ಗೆ ಖಾಲಿ ಆಯ್ತು, ಪೆಟ್ಟಿಗೆ ಮುಂದೆ ರಾಶಿ ಬಿದ್ದಿದ್ವು, ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬಂಡೀಪಾಳ್ಯ ಮಂಡಿ (ಜನವರಿ 3)

ವ್ಯಾಪಾರದ ಲೆಕ್ಕದಲ್ಲಿ ಹೇಳ್ತೀನಿ ಬ್ರದರ್. ಶಿವರಾತ್ರಿ ಹತ್ರ ಬಂತು ಅಂದ್ರೆ ಕಲ್ಲಂಗಡಿಗೆ ಡಿಮ್ಯಾಂಡ್ ಶುರು, ಆದ್ರೆ ಲೋಡ್ ತಗೊಳ್ಳೋರು ಸೈಜು ಬಣ್ಣ ಸಿಹಿ ನೋಡ್ತಾರೆ, ಬೀಜ ಇಲ್ಲ ಅಂತ ಜಾಸ್ತಿ ಕೊಡೋರು ಸೂಪರ್ ಮಾರ್ಕೆಟ್ಟಿನವರು, ಜ್ಯೂಸ್ ಅಂಗಡಿಯವರು ಅಷ್ಟೇ. ಎಕರೆಗೆ ಆರೇಳು ಸಾವಿರ ಗಿಡ, ಅಷ್ಟಕ್ಕೂ ಕವರ್ ಹಾಕಿ ಕೈಯಲ್ಲಿ ಮಾಡಿಸೋದಾದ್ರೆ ಕೂಲಿನೇ ಹಣ್ಣಿನ ರೇಟು ದಾಟುತ್ತೆ. ಮನೆಗೆ ಅಂದ್ರೆ ಮಾಡಿ, ವ್ಯಾಪಾರಕ್ಕೆ ಅಂದ್ರೆ 33ರ ಬೀಜಾನೇ ಸರಿ.

ತವರು ರಾಣೆಬೆನ್ನೂರು (ಜನವರಿ 3)

ಮಂಡಿ ಅಣ್ಣಾರು ಹೇಳಿದ್ದು ಖರೇ. ಕೈ ಪಳಗಿದವರಿಗೂ ಮುಂಜಾನೆ ಎರಡೂವರೆ ತಾಸಿನ್ಯಾಗ ಮಾಡೋದಕ್ಕ ಮಿತಿ ಐತ್ರಿ. ಬೀಜದ ಪ್ಲಾಟಿಗೆ ಅದು ಪೂರೈಸತೈತಿ, ಯಾಕಂದ್ರ ಅಲ್ಲಿ ಒಂದು ಕಾಯಿಯಿಂದ ಬರೋ ಬೀಜಕ್ಕ ಬೆಲಿ ಐತಿ. ತಿನ್ನೋ ಹಣ್ಣಿಗೆ ಪೂರೈಸಂಗಿಲ್ಲ.

ಕುವೆಂಪುನಗರ ಟೆರೇಸ್ (ಜನವರಿ 4)

ನಮ್ಮಂಥ ತಾರಸಿ ತೋಟದವರಿಗೆ ಇದು ಹೇಳಿ ಮಾಡಿಸಿದ ಹಾಗಿದೆಯಲ್ಲ! ನಂದು ಎರಡೇ ಬಳ್ಳಿ, ಗ್ರೋಬ್ಯಾಗಲ್ಲಿ. ಸೋರೆ ಇಲ್ಲ, ಸಿಹಿಗುಂಬಳದ ಹೂವು ಬೇಕಾದಷ್ಟಿದೆ, ಅದನ್ನ ಹಾಕಬಹುದಾ?

ಎಂಎಸ್ಸಿ ತೋಟಗಾರಿಕೆ (ಜನವರಿ 4)

ಮೇಡಂ ಸಿಹಿಗುಂಬಳ ಇನ್ನೂ ದೂರದ ನೆಂಟ, ಅದಕ್ಕೆ 40 ಕ್ರೋಮೋಸೋಮ್. ಸೋರೆನೇ ಹುಡುಕಿ, ಒಂದು ಬೀಜ ಹಾಕಿದ್ರೂ ತಾರಸಿ ತುಂಬ ಹೂ ಬಿಡುತ್ತೆ. ಕಲ್ಲಂಗಡಿಗಿಂತ ಒಂದು ತಿಂಗಳು ಮುಂಚೆ ಹಾಕಿ, ಇಲ್ಲಾಂದ್ರೆ ಬೇಕಾದಾಗ ಗಂಡು ಹೂ ಇರಲ್ಲ.

ಕಾಲುವೆಬದಿ (ಜನವರಿ 17)

ಎಲ್ರಿಗೂ ರಿಪೋರ್ಟ್ ಕೊಡ್ತಿದೀನಿ. 9ನೇ ತಾರೀಕಿಂದ 15ರವರ್ಗೆ ಸಂಕ್ರಾಂತಿ ದಿನಾನೂ ಬಿಡ್ದೆ ಬೆಳಿಗ್ಗೆ ಹೋಗಿ 40 ಹೆಣ್ಣು ಹೂವಿಗೆ ಸೋರೆ ಹಾಕ್ದೆ, ಕೆಂಪು ದಾರ. 10 ಹೂವಿಗೆ ಬರೀ ಕವರ್ ಹಾಕಿ ಏನೂ ಹಾಕ್ದೆ ಬುಟ್ಟೆ, ಬಿಳಿ ದಾರ, ಎಂಎಸ್ಸಿ ತಮ್ಮ ಫೋನಲ್ಲಿ ಅದು ಮಾಡ್ಲೇಬೇಕು ಅಂದಿದ್ರು. ನಮ್ಮ ಹುಡುಗಿ ಒಂಬತ್ತನೇ ಕ್ಲಾಸು, ಅವಳೇ ನೋಟ್‌ಬುಕ್ಕಲ್ಲಿ ಬರ್ಕಂಡವ್ಳೆ.

ಮೊದಲ್ನೇ ಎರಡು ದಿನ ಮಾಡಿದ್ದು ಹೆಚ್ಚುಕಮ್ಮಿ ಎಲ್ಲ ಉದ್ರೋಯ್ತು. ಯಾಕೆ ಅಂತ ತಲೆ ಕೆಡಿಸ್ಕಂಡು ನೋಡಿದ್ರೆ ಡಬ್ಬಿ ಮುಚ್ಚಳದಲ್ಲಿ ಬೆವರು ಹನಿ ಕಟ್ಟಿ ಹೂವೆಲ್ಲ ಒದ್ದೆ. ಅಕ್ಕ ಹೇಳಿದ್ದು ಅದೆಯ. ಮೂರ್ನೇ ದಿನದಿಂದ ಮುಚ್ಚಳ ತೆಗ್ದು ತೆಳ್ಳನೆ ಬಟ್ಟೆ ಕಟ್ಟಿ ಇಟ್ಟೆ, ಆಮೇಲೆ ಪುಡಿ ಬೆರಳಿಗೆ ಅಂಟೋ ಥರ ಒಣಗಿತ್ತು.

ಇವತ್ತಿಗೆ ಬಿಳಿ ದಾರದ್ದು ಹತ್ತಕ್ಕೆ ಹತ್ತೂ ಹಳದಿ ಆಗಿವೆ, ಕೆಲವು ಉದ್ರಿವೆ. ಕೆಂಪು ದಾರದ್ರಲ್ಲಿ 11 ಹಿಡ್ಕಂಡಿವೆ, ಅದ್ರಲ್ಲಿ ಮೊದಲು ಹಿಡ್ದ ಒಂದೆರಡು ನಿಂಬೆಹಣ್ಣಿನಷ್ಟು ಆಗಿವೆ. ಬೆಳಿಗ್ಗೆ ಅದನ್ನ ಮುಟ್ಟಿ ನೋಡ್ದಾಗ ಏನೋ ಒಂಥರ ಆಯ್ತು, ಸೋರೆ ಹೂವಿಂದ ಎದ್ದಿರೋ ಕಲ್ಲಂಗಡಿ ಅಲ್ವಾ ಇದು ಅಂತ ಸುಮಾರು ಹೊತ್ತು ಅಲ್ಲೇ ಕುಂತಿದ್ದೆ.

ಎಂಎಸ್ಸಿ ತೋಟಗಾರಿಕೆ (ಜನವರಿ 17)

ಅಣ್ಣ ಬಿಳಿ ದಾರದ್ದು ಒಂದೂ ಹಿಡಿಯದೆ ಹಳದಿ ಆಗಿದ್ದೇ ನಿಮ್ಮ ಗಟ್ಟಿ ಸಾಕ್ಷಿ. ಕವರ್ ಒಳಗೆ ಜೇನು ಹೋಗಿಲ್ಲ ಅಂತಲೂ ಆಯ್ತು, ಪರಾಗ ಇಲ್ಲದೆ ಈ ತಳಿ ಕಾಯಿ ಕಟ್ಟಲ್ಲ ಅಂತಲೂ ಆಯ್ತು. ಹುಡುಗಿಗೆ ಆ ನೋಟ್‌ಬುಕ್ ಜೋಪಾನವಾಗಿ ಇಟ್ಕೊಳ್ಳೋಕೆ ಹೇಳಿ.

ಮಳವಳ್ಳಿ ಮಣ್ಣು (ಫೆಬ್ರವರಿ 10)

ಏನಾಯ್ತು ಅಣ್ಣ, ಸುದ್ದಿನೇ ಇಲ್ಲ? ದಿನಾ ನೋಡ್ತಿವ್ನಿ ಇಲ್ಲಿ.

ಕಾಲುವೆಬದಿ (ಫೆಬ್ರವರಿ 22)

ತಡ ಆಯ್ತು, ಕ್ಷಮ್ಸಿ. ಹನ್ನೊಂದರಲ್ಲಿ 2 ಹಂದಿ ಪಾಲಾಯ್ತು, 1 ಕೊಳೀತು, 8 ಉಳೀತು. ಚಳಿ ಇದ್ದಿದ್ರಿಂದ ನಲವತ್ತು ದಿನ ಕಾದೆ, ತೊಟ್ಟಿನ ಪಕ್ಕದ ಸುರುಳಿ ಎಳೆ ಒಣಗಿ, ನೆಲಕ್ಕೆ ತಾಗಿರೋ ಕಡೆ ಬೆಣ್ಣೆ ಬಣ್ಣ ಬಂದಿತ್ತು. ಇವತ್ತು ಭಾನುವಾರ ಮನೆ ಜಗಲಿ ಮೇಲೆ ಎಲ್ಲ ಕುಯ್ದು ನೋಡುದ್ವಿ, ಅಕ್ಕಪಕ್ಕದೋರೂ ಬಂದಿದ್ರು.

6 ಹಣ್ಣಲ್ಲಿ ಕಪ್ಪು ಬೀಜ ಒಂದೂ ಇಲ್ಲ. ಸೌತೆಕಾಯಿ ಎಳೆ ಬೀಜದ ಥರ ಬಿಳಿ ಸಣ್ಣ ಸಿಪ್ಪೆ ಇವೆ, ಕಚ್ಚಿದ್ರೆ ಒಳ್ಗೆ ಏನೂ ಇಲ್ಲ, ಗೊತ್ತೇ ಆಗಲ್ಲ. ಇನ್ನೆರಡರಲ್ಲಿ ಮಾಮೂಲಿ ಥರ ಕಪ್ಪು ಬೀಜ ತುಂಬ್ಕಂಡಿತ್ತು, ನೋಟ್‌ಬುಕ್ ತೆಗ್ದು ನೋಡಿದ್ರೆ ಆ ಎರಡೂ 13ನೇ ತಾರೀಕಿನವು, ಅವತ್ತು ಗಾಳಿಗೆ ಕವರ್ ಹಾರಿತ್ತು ಅಂತ ಮಗಳು ಬರ್ದವ್ಳೆ. ಸೈಜು ಚಿಕ್ಕದು, ಎರಡರಿಂದ ಮೂರು ಕೆಜಿ, ಪಕ್ಕದ ಸಾಲಿನ ಜೇನು ಕಟ್ಟಿದ್ದು ನಾಲ್ಕು ನಾಲ್ಕೂವರೆ ಐತೆ. ಒಂದ್ರಲ್ಲಿ ನಡುವೆ ಬಿರುಕು ಬಿಟ್ಟಿತ್ತು. ಬಣ್ಣ ಒಂದೇ, ಸಿಹಿ ನಂಗಂತೂ ವ್ಯತ್ಯಾಸ ಕಾಣ್ಲಿಲ್ಲ, ಕಹಿ ಒಂಚೂರೂ ಇಲ್ಲ ಮಳವಳ್ಳಿ ಅಣ್ಣ.

ಅವ್ವನಿಗೆ ದೊಡ್ಡ ಹೋಳೇ ಕುಯ್ದು ಕೈಗೆ ಕೊಟ್ಟೆ. ಮೊದಲು ಅಭ್ಯಾಸಕ್ಕೆ ಬೆರಳಲ್ಲಿ ತಡವಿ ತಡವಿ ನೋಡ್ತಿದ್ಲು, ಇಲ್ಲ ಕಣವ್ವ ಬೀಜ ಇಲ್ಲ ತಿನ್ನು ಅಂದೆ. ಕೆನ್ನೆ ಮೇಲೆ ರಸ ಸುರಿಸ್ಕಂಡು ಎರಡು ಹೋಳು ತಿಂದ್ಲು, ಇದಕ್ಕೆ ಏನು ಹಾಕ್ದೆ ಮಗ ಅಂದ್ಲು, ಬೇಲಿ ಮೇಲಿನ ಸೋರೆ ಹೂವ ಅಂದೆ, ನಂಬ್ಲಿಲ್ಲ.

ಎಂಎಸ್ಸಿ ತೋಟಗಾರಿಕೆ (ಫೆಬ್ರವರಿ 22)

ಓದಿ ಕಣ್ಣು ತುಂಬಿ ಬಂತು ಅಣ್ಣ. ಬಿರುಕು ಬಿಟ್ಟಿದ್ದು ಪರಾಗ ಸಾಲದೆ ಇದ್ದಿದ್ದಕ್ಕೆ ಇರಬಹುದು, ಬೀಜ ಇಲ್ಲದ ಹಣ್ಣಲ್ಲಿ ಅದು ಜಾಸ್ತಿ ಕಾಣುತ್ತೆ. ಮುಂದಿನ ಸಲ ಒಂದು ಹೆಣ್ಣು ಹೂವಿಗೆ ಎರಡು ಮೂರು ಸೋರೆ ಗಂಡು ಹೂವು ಸವರಿ ನೋಡಿ. ಒಂದು ಬಳ್ಳಿಲಿ ಒಂದೇ ಕಾಯಿ ಉಳಿಸಿ ಮಿಕ್ಕ ಹೀಚು ಕಿತ್ತು ಹಾಕಿದ್ರೆ ಸೈಜೂ ಬರುತ್ತೆ. ನಿಮ್ಮ ಬಳ್ಳಿಲಿ ಜೇನು ಕಟ್ಟಿದ ಕಾಯಿನೂ ಇದ್ವಾ?

ಕಾಲುವೆಬದಿ (ಫೆಬ್ರವರಿ 22)

ಹೂಂ ಇದ್ವು, ಒಂದೊಂದು ಬಳ್ಳಿಲಿ ಒಂದು ಎರಡು. ಬಳ್ಳಿ ಸಾರ ಅವೇ ತಿಂದ್ಕಂಡಿರ್ಬೇಕು ಹಂಗಾದ್ರೆ.

ತವರು ರಾಣೆಬೆನ್ನೂರು (ಫೆಬ್ರವರಿ 23)

ಮೊದಲ ಸಲಕ್ಕ 40ಕ್ಕ 11 ಹಿಡಿಯೋದು ಕಮ್ಮಿ ಏನಲ್ರಿ, ಅದೂ ಎರಡು ದಿನದ ಹೂ ನೀರು ತಾಗಿ ಕೆಟ್ಟಿದ್ದೂ ಸೇರಿ. ಅವ್ವಾರಿಗೆ ನನ್ನ ನಮಸ್ಕಾರ ತಿಳಿಸ್ರಿ.

ಕುವೆಂಪುನಗರ ಟೆರೇಸ್ (ಫೆಬ್ರವರಿ 23)

ನಮ್ಮ ಮಾವನವರಿಗೂ ಇದೇ ಕಷ್ಟ, ಹಲ್ಲಿನ ಸೆಟ್ಟಿನ ಕೆಳಗೆ ಬೀಜ ಸಿಕ್ಕಿಕೊಳ್ಳುತ್ತೆ. ಈಗ ಕಲ್ಲಂಗಡಿ ಬೀಜ ಹಾಕಿದ್ರೆ ಏಪ್ರಿಲ್‌ಗೆ ಹೂ ಬರಬಹುದು, ಆದ್ರೆ ಸೋರೆ ಅಷ್ಟೊತ್ತಿಗೆ ಆಗಲ್ಲ. ನಿಮ್ಮ ಬೇಲಿ ಬಳ್ಳಿಲಿ ಆಗಲೂ ಗಂಡು ಹೂವು ಇರುತ್ತಾ ಅಣ್ಣ? ಒಂದು ಹತ್ತು ಹೂವು ಸಿಕ್ಕಿದ್ರೆ ಸಂಜೆ ಬಂದು ತಗೊಂಡು ಹೋಗ್ತೀನಿ.

ಕಾಲುವೆಬದಿ (ಫೆಬ್ರವರಿ 23)

ಆ ಬಳ್ಳಿ ಏಪ್ರಿಲ್‌ಗೆ ಮುದಿ ಆಗಿರ್ತದೆ ಅಕ್ಕ, ಅದನ್ನ ನಂಬ್ಕಬೇಡಿ. ನಿನ್ನೆ ರಾತ್ರಿನೇ ಹೊಸದಾಗಿ ನಾಲ್ಕು ಗುಣಿ ಸೋರೆ ಹಾಕ್ದೆ, ಕೊಟ್ಟಿಗೆ ಗೊಬ್ಬರ ತುಂಬಿ, ಅದು ಏಪ್ರಿಲ್ ಮೂರನೇ ವಾರಕ್ಕೆ ಹೂವು ಬಿಡ್ಬೋದು. ನೀವು ಕಲ್ಲಂಗಡಿ ಬೀಜನ ಮಾರ್ಚ್ ಹತ್ತರ ಮೇಲೆ ಹಾಕಿ, ಎರಡೂ ಕೂಡ್ತದೆ. ಬರುವಾಗ ಮುಚ್ಚಳ ಇಲ್ದಿರೋ ಡಬ್ಬಿ, ಒಣ ಬಟ್ಟೆ ತನ್ನಿ. ಆರು ಗಂಟೆ ಮೇಲೆ ಬನ್ನಿ, ಅದಕ್ಕೂ ಮುಂಚೆ ಅರಳಿರಲ್ಲ.